ಜಿಪ್ಸಿ ಮುಂದಿನ ಆಕ್ಸಲ್ ಆಯಿಲ್ ಸೀಲ್: ಮನೆಯಲ್ಲೇ ಬದಲಿಸಬಹುದಾ?

ಕೆಲಗೇರಿ ಜಿಪ್ಸಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಹಳೇ ಮಾರುತಿ ಜಿಪ್ಸಿ ಇದೆ, ಮಿಲಿಟರಿ ಹರಾಜಿನಿಂದ ಬಂದದ್ದು. ಎಡಗಡೆ ಮುಂದಿನ ಗಾಲಿಯ ಒಳಬದಿಯಲ್ಲಿ, ಸ್ಟೇರಿಂಗ್ ತಿರುಗಿಸಿದಾಗ ಕಾಣುವ ದುಂಡನೆಯ ಗುಂಡು ಇದೆಯಲ್ಲ, ಅದರ ಕೆಳಗಿಂದ ಕಪ್ಪು ಎಣ್ಣೆ ಇಳಿಯುತ್ತಿದೆ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಅಂಗಳದ ಪರಸಿ ಕಲ್ಲಿನ ಮೇಲೆ ಅಂಗೈಯಗಲ ಕಲೆ. ಬ್ರೇಕ್ ಹೊಡೆದರೆ ಗಾಡಿ ಬಲಕ್ಕೆ ಎಳೆಯುತ್ತದೆ.

ಒಂದು ಗ್ಯಾರೇಜಿನಲ್ಲಿ ನೋಡಿ "ಪೂರಾ ಆಕ್ಸಲ್ಲೇ ಬದಲಿಸಿ" ಅಂದರು. ಇನ್ನೊಂದು ಕಡೆ ಹೊರಗಿಂದ ಸಿಲಿಕಾನ್ ಪೇಸ್ಟ್ ಬಳಿದು ಕೊಡುತ್ತೇವೆ ಅಂದರು. ಎರಡೂ ಮನಸ್ಸಿಗೆ ಬರಲಿಲ್ಲ. ಪಾನಾ ಸೆಟ್, ಜಾಕ್, ಸುತ್ತಿಗೆ ಎಲ್ಲ ಮನೆಯಲ್ಲಿದೆ. ಬ್ರೇಕ್ ಪ್ಯಾಡ್, ವೀಲ್ ಬೇರಿಂಗ್ ಗ್ರೀಸ್ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಆದರೆ ಇಷ್ಟು ಒಳಗೆ ಕೈ ಹಾಕಿಲ್ಲ. ಮಳೆಗಾಲ ಶುರುವಾಗುವ ಮೊದಲು ಮುಗಿಸಬೇಕು. ಎಲ್ಲಿಂದ ಹಿಡಿಯಲಿ?

ಹಳೇ ಹುಬ್ಬಳ್ಳಿ ಮಿಸ್ತ್ರಿ

ತಮ್ಮಾ, ಆರಾಮಾಗಿ ಮಾಡಬಹುದು. ವೀಲ್ ಬೇರಿಂಗ್ ಬಿಚ್ಚಿದ ಕೈ ಅಂದರೆ ಅರ್ಧ ದಾರಿ ಬಂದ ಹಾಗೆ. ಆದರೆ ಪಾನಾ ಹಿಡಿಯುವ ಮೊದಲು ಸೋರುತ್ತಿರುವುದು ಯಾವ ಎಣ್ಣೆ ಅಂತ ಗೊತ್ತು ಮಾಡಿಕೋ.

ಜಿಪ್ಸಿಯ ಆ ಗುಂಡಿನ ಹತ್ತಿರ ಎರಡು ಬೇರೆ ಬೇರೆ ಸೀಲ್ ಇವೆ. ಒಂದು ಒಳಗಿನದು. ಆಕ್ಸಲ್ ಕೊಳವೆಯ ತುದಿಯಲ್ಲಿ ಕೂತು, ಕ್ರೌನ್ (ಆಕ್ಸಲ್ ನಡುವಿನ ದೊಡ್ಡ ಗೇರ್) ಕಡೆಯ ಗೇರ್ ಆಯಿಲ್ ಗುಂಡಿನೊಳಕ್ಕೆ ಬರದಂತೆ ತಡೆಯುತ್ತದೆ. ಇನ್ನೊಂದು ಹೊರಗಿನ ದೊಡ್ಡ ಬಳೆ. ರಬ್ಬರು, ಅದರ ಜೊತೆ ಫೆಲ್ಟ್, ಮೇಲೆ ತಗಡಿನ ಪಟ್ಟಿ. ಗುಂಡಿನ ಮೇಲೆ ಸವರಿಕೊಂಡು ಓಡಾಡುತ್ತದೆ. ಒಳಗಿನ ಗ್ರೀಸ್ ಹೊರಗೆ ಬರಬಾರದು, ಹೊರಗಿನ ಧೂಳು, ನೀರು ಒಳಗೆ ಹೋಗಬಾರದು. ಇದರ ಕೆಲಸ ಅಷ್ಟೇ.

ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡು. ತೆಳ್ಳಗಿದ್ದು, ಗಂಧಕದ ಘಾಟು ಮೂಗಿಗೆ ಹೊಡೆದರೆ ಗೇರ್ ಆಯಿಲ್. ಒಳಗಿನ ಸೀಲ್ ಹೋಗಿದೆ. ಬರೀ ಗಟ್ಟಿ ಗ್ರೀಸ್ ಒಸರುತ್ತಿದ್ದರೆ ಹೊರಗಿನ ಬಳೆ ಮಾತ್ರ ಸವೆದಿದೆ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಹತ್ತಿರದಿಂದ ನೀರಿನಂತೆ ತೆಳ್ಳಗೆ ಇಳಿದಿದ್ದರೆ ಅದು ಬ್ರೇಕ್ ಆಯಿಲ್. ಆ ಕಥೆಯೇ ಬೇರೆ, ಆಗ ಗಾಡಿ ಹೊರಗೆ ತೆಗೆಯಲೇಬೇಡ.

ಕೆಲಗೇರಿ ಜಿಪ್ಸಿ, ಧಾರವಾಡ

ಕಾಕಾ, ನೋಡಿದೆ. ತೆಳ್ಳಗಿದೆ, ಘಾಟು ಜೋರಾಗಿದೆ. ಡಿಸ್ಕಿನ ಒಳಮುಖವೆಲ್ಲ ಒದ್ದೆ.

ಹಳೇ ಹುಬ್ಬಳ್ಳಿ ಮಿಸ್ತ್ರಿ

ಹಾಗಾದರೆ ಒಳಗಿನದು. ಬ್ರೇಕ್ ಎಳೆಯುವುದಕ್ಕೂ ಅದೇ ಕಾರಣ. ಎಡಗಡೆ ಪ್ಯಾಡ್ ಎಣ್ಣೆ ಕುಡಿದಿದೆ, ಬಲಗಡೆ ಪ್ಯಾಡ್ ಒಂದೇ ಹಿಡಿಯುತ್ತಿದೆ. ಎಣ್ಣೆ ಕುಡಿದ ಪ್ಯಾಡ್ ಪೆಟ್ರೋಲಿನಲ್ಲಿ ತೊಳೆದರೂ ಸುಟ್ಟರೂ ಸರಿಹೋಗುವುದಿಲ್ಲ. ಎರಡೂ ಕಡೆ ಹೊಸದು ಹಾಕಿಬಿಡು. ಕೆಲಸ ಮುಗಿಯುವವರೆಗೆ ಗಾಡಿ ಓಡಿಸಬೇಡ.

ನವಲಗುಂದ ಎರೆಹೊಲ

ಒಂದು ಮಾತು ಸೇರಿಸುತ್ತೇನೆ. ಸೀಲ್ ಯಾಕೆ ಹೋಯಿತು ಅಂತ ಮೊದಲು ಕೇಳಿಕೊಳ್ಳಿ. ಆಕ್ಸಲಿನ ಹೌಸಿಂಗ್, ಅಂದರೆ ಕ್ರೌನ್ ಇರುವ ಪೆಟ್ಟಿಗೆ, ಅದರ ಮೇಲೆ ಬ್ರೀದರ್ ಇರುತ್ತದೆ, ಒಳಗಿನ ಗಾಳಿ ಆಡಲು ಇರುವ ಸಣ್ಣ ದಾರಿ. ಗಾಡಿ ಓಡಿದಾಗ ಒಳಗಿನ ಎಣ್ಣೆ, ಗಾಳಿ ಕಾಯುತ್ತದೆ, ಹಿಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಆ ಒತ್ತಡಕ್ಕೆ ಬೇರೆ ದಾರಿ ಇಲ್ಲ, ಸೀಲಿನ ತುಟಿ ಎತ್ತಿಕೊಂಡೇ ಎಣ್ಣೆ ಹೊರಗೆ ಬರಬೇಕು.

ನಮ್ಮ ಕಡೆ ಎರೆಮಣ್ಣು ಮೆತ್ತಿ ಒಣಗಿದರೆ ಸಿಮೆಂಟೇ. ಬ್ರೀದರ್ ಎಲ್ಲಿದೆ ಅಂತಾನೂ ಕಾಣುವುದಿಲ್ಲ. ಬೆಣ್ಣೆಹಳ್ಳ ದಾಟುವ ಗಾಡಿಗಳಿಗೆ ಇನ್ನೊಂದು ತೊಂದರೆ. ಕಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಆಗ ಬ್ರೀದರ್, ಸೀಲ್ ಎಲ್ಲಿ ಸಡಿಲವೋ ಅಲ್ಲಿಂದ ನೀರು ಎಳೆದುಕೊಳ್ಳುತ್ತದೆ. ಎಣ್ಣೆ ಇಳಿಸಿದಾಗ ಬಣ್ಣ ನೋಡಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಹೋಗಿದೆ ಅಂತಲೇ ಅರ್ಥ.

ಸುಮ್ನೆ ಸೀಲ್ ಮಾತ್ರ ಬದಲಿಸಿ ಬ್ರೀದರ್ ಮುಟ್ಟದಿದ್ದರೆ ಹೊಸ ಸೀಲೂ ಅದೇ ದಾರಿ ಹಿಡಿಯುತ್ತದೆ.

ಗೋಕುಲ ರೋಡ್ ಲೇತ್, ಹುಬ್ಬಳ್ಳಿ

ನವಲಗುಂದದವರು ಹೇಳಿದ್ದು ಖರೇ. ನನ್ನ ಕಡೆಯಿಂದ ಇನ್ನೆರಡು ಕಾರಣ.

ಮೊದಲನೆಯದು ಬೇರಿಂಗ್. ಗಾಲಿ ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಲಟಲಟ ಅಂದರೆ ವೀಲ್ ಬೇರಿಂಗ್ ಸಡಿಲ, ಇಲ್ಲ ಕಿಂಗ್ ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಗಾಲಿ ಹೊರಳುವ ಗೂಟ) ಬೇರಿಂಗ್ ಹೋಗಿದೆ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಅಲುಗಾಡಿಸಲಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್. ಆಗಲೂ ಆಡಿದರೆ ಕಿಂಗ್ ಪಿನ್. ಇದನ್ನು ಹಾಗೇ ಬಿಟ್ಟರೆ ಶಾಫ್ಟ್ ನಡುವಿನಲ್ಲಿ ನಿಲ್ಲುವುದಿಲ್ಲ, ಸೀಲಿನ ತುಟಿ ಒಂದೇ ಕಡೆ ಸವೆಯುತ್ತದೆ.

ಎರಡನೆಯದು ಶಾಫ್ಟು. ಸೀಲ್ ಕೂರುವ ಜಾಗದಲ್ಲಿ ಉಗುರು ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೆರೆ ಬಿದ್ದಿದೆ. ಜನ ನಂಬುವುದಿಲ್ಲ, ರಬ್ಬರು ಉಕ್ಕನ್ನು ತಿನ್ನುತ್ತದಾ ಅಂತ ಕೇಳುತ್ತಾರೆ. ತಿನ್ನುವುದು ರಬ್ಬರಲ್ಲ, ತುಟಿಗೆ ಅಂಟಿಕೊಂಡ ಸಣ್ಣ ಮಣ್ಣಿನ ಕಣ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿದರೆ ಉಕ್ಕೂ ಸವೆಯುತ್ತದೆ. ಗೆರೆ ಸಣ್ಣದಿದ್ದರೆ ಸೀಲನ್ನು ಹಳೇ ಜಾಗಕ್ಕಿಂತ ಒಂದು ಮಿಲಿಮೀಟರಿನಷ್ಟು ಆಚೀಚೆ ಕೂರಿಸಿ. ತುಟಿ ಹೊಸ ಜಾಗದ ಮೇಲೆ ಓಡಲಿ. ಗೆರೆ ಆಳವಾಗಿದ್ದರೆ ತೆಳು ಸ್ಟೀಲ್ ತೋಳು ಸಿಗುತ್ತದೆ, ಕಾಲು ಮಿಲಿಮೀಟರ್ ಆಸುಪಾಸು ದಪ್ಪ. ಶಾಫ್ಟ್ ಮೇಲೆ ತೊಡಿಸಿದರೆ ಹೊಸ ಮೈ ಸಿಕ್ಕಂತೆ, ಸೀಲಿನ ಅಳತೆಯೂ ಬದಲಾಗುವುದಿಲ್ಲ. ಶಾಫ್ಟನ್ನು ಎಮರಿ ಪಟ್ಟಿಯಿಂದ ಉದ್ದುದ್ದಕ್ಕೆ ತಿಕ್ಕಲೇಬೇಡಿ. ಆ ಗೀರುಗಳೇ ಎಣ್ಣೆಗೆ ಕಾಲುವೆ.

ಹಳೇ ಸೀಲ್ ಎಸೆಯಬೇಡಿ, ಅಂಗಡಿಗೆ ಒಯ್ಯಿರಿ. ಮುಖದ ಮೇಲೆ ಮೂರು ಅಂಕಿ ಇರುತ್ತವೆ: ಒಳ ಅಳತೆ, ಹೊರ ಅಳತೆ, ದಪ್ಪ. ಅಳಿಸಿದ್ದರೆ ವರ್ನಿಯರ್ ಹಿಡಿದು ಅಳೆಯಿರಿ. ಎರಡು ತುಟಿ, ಒಂದರ ಹಿಂದೆ ಸ್ಪ್ರಿಂಗ್ ಇರುವ ಸೀಲಿಗೆ ಅಂಗಡಿಯವರು ಟಿಸಿ ಅನ್ನುತ್ತಾರೆ. ಆಕ್ಸಲ್ ಕೆಲಸಕ್ಕೆ ಮಾಮೂಲಿ ನೈಟ್ರೈಲ್ ರಬ್ಬರ್ ಸಾಕು, ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್ ತನಕ ತಡೆಯುತ್ತದೆ. ವಿಟಾನ್ ಅನ್ನುವ ರಬ್ಬರ್ ಇನ್ನೂ ಹೆಚ್ಚು ಬಿಸಿ ತಡೆಯುತ್ತದೆ, ಆದರೆ ಇಲ್ಲಿ ಅದಕ್ಕೆ ದುಡ್ಡು ಸುರಿಯುವ ಅಗತ್ಯ ಇಲ್ಲ.

ಬೆಟಗೇರಿ ಸ್ವಿಫ್ಟ್, ಗದಗ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಸ್ವಿಫ್ಟ್ ಮುಂದಿನ ಗಾಲಿಯ ಒಳಗೂ ಗ್ರೀಸ್ ಎರಚಿದೆ. ನನ್ನದೂ ಆಕ್ಸಲ್ ಸೀಲೇನಾ?

ಹಳೇ ಹುಬ್ಬಳ್ಳಿ ಮಿಸ್ತ್ರಿ

ಗಾಲಿಯ ಒಳಗೆ ಸುತ್ತಲೂ ಗ್ರೀಸ್ ಎರಚಿದ್ದರೆ ಅದು ಸೀಲ್ ಅಲ್ಲ, ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಹರಿದಿದೆ. ಬೇಗ ಬದಲಿಸಿ, ಮಣ್ಣು ಹೊಕ್ಕರೆ ಜಾಯಿಂಟೇ ಹೋಗುತ್ತದೆ. ತಿರುವಿನಲ್ಲಿ ಕಟಕಟ ಅನ್ನಲು ಶುರುವಾದರೆ ಹೋಯಿತು ಅಂತಲೇ ತಿಳಿಯಿರಿ.

ನಿಮ್ಮ ಕಾರಿನಲ್ಲಿ ಸೀಲ್ ಇರುವುದು ಗೇರ್‌ಬಾಕ್ಸಿಗೆ ಶಾಫ್ಟ್ ಸೇರುವ ಕಡೆ. ಅಲ್ಲಿ ಸೋರಿದರೆ ಮುಂದಿನ ಎರಡು ಗಾಲಿಗಳ ನಡುವೆ ಹನಿ ಬೀಳುತ್ತದೆ. ಅದನ್ನು ಬಿಚ್ಚುವಾಗ ಶಾಫ್ಟ್ ಹಿಡಿದು ಎಳೆಯಬಾರದು, ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ಗೇರ್‌ಬಾಕ್ಸ್ ಪಕ್ಕದಲ್ಲಿ ಲಿವರ್ ಕೊಟ್ಟು ಮೀಟಬೇಕು. ತುದಿಯಲ್ಲಿ ಸಣ್ಣ ಲಾಕ್ ರಿಂಗ್ ಇದೆ, ಟಪ್ ಅಂತ ಬಿಡುತ್ತದೆ. ಎಣ್ಣೆ ಹಾಕುವಾಗ ಜಿಎಲ್-4 ದರ್ಜೆಯ ಗೇರ್ ಆಯಿಲ್ ನೋಡಿ ತನ್ನಿ. ಜಿಪ್ಸಿ ಆಕ್ಸಲಿಗೆ ಹಾಕುವ ಜಿಎಲ್-5 ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳಿಗೆ ಒಳ್ಳೆಯದಲ್ಲ.

ಸಪ್ತಾಪುರ ಅಕ್ಕ, ಧಾರವಾಡ

ಎಲ್ಲರೂ ಸೀಲಿನ ಬಗ್ಗೆ ಹೇಳಿದಿರಿ, ಗಾಡಿ ಎತ್ತುವುದರ ಬಗ್ಗೆ ಯಾರೂ ಹೇಳಲಿಲ್ಲ. ಕೆಲಗೇರಿಯವರೇ, ನಿಮ್ಮ ಅಂಗಳದಲ್ಲಿ ಪರಸಿ ಇದೆ ಅಂತ ಬರೆದಿದ್ದೀರಿ. ಪರಸಿ ಕೆಳಗೆ ಮಣ್ಣು ಕುಸಿದಿರುತ್ತದೆ, ಮೇಲಿಂದ ಗೊತ್ತಾಗುವುದಿಲ್ಲ. ನಮ್ಮ ಓಣಿಯಲ್ಲಿ ಹೀಗೇ ಜಾಕ್ ಕೆಳಗಿನ ಪರಸಿ ನಡುವೆಯೇ ಎರಡಾಗಿ ಸೀಳಿ ಗಾಡಿ ಕೆಳಗೆ ಕೂತಿತು. ಹುಡುಗ ಚಹಾ ಕುಡಿಯಲು ಒಳಗೆ ಹೋಗಿದ್ದ, ಅದಕ್ಕೇ ಉಳಿದ.

ದಪ್ಪ ಹಲಗೆ ಹಾಸಿ ಅದರ ಮೇಲೆ ಜಾಕ್ ಇಡಿ. ಎತ್ತಿದ ಮೇಲೆ ಜಾಕ್ ನಂಬಬೇಡಿ, ಆಕ್ಸಲ್ ಕೊಳವೆಯ ಕೆಳಗೆ ಎರಡೂ ಕಡೆ ಜಾಕ್ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ಹಿಂದಿನ ಗಾಲಿಗೆ ಎರಡೂ ಕಡೆ ಅಡ್ಡ ಕಲ್ಲು ಕೊಡಿ. ಕೆಲಸ ಶುರು ಮಾಡುವ ಮೊದಲು ಗಾಡಿಯನ್ನು ಜೋರಾಗಿ ತಳ್ಳಿ ನೋಡಿ. ಅಲುಗಾಡಿದರೆ ಇಳಿಸಿ ಮತ್ತೆ ಎತ್ತಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಹಳೇ ಹುಬ್ಬಳ್ಳಿ ಮಿಸ್ತ್ರಿ

ಅಕ್ಕಾರು ಹೇಳಿದ್ದನ್ನು ಎರಡು ಸಲ ಓದು ತಮ್ಮಾ. ಈಗ ಬಿಚ್ಚುವ ಕ್ರಮ ಹೇಳುತ್ತೇನೆ.

ಮೊದಲು ಹೌಸಿಂಗಿನ ಮೇಲಿನ ನಟ್ಟು, ಅಂದರೆ ಎಣ್ಣೆ ತುಂಬುವ ಪ್ಲಗ್ ಸಡಿಲ ಮಾಡು. ಆಮೇಲೆ ಕೆಳಗಿನದು. ಕೆಳಗಿನದು ಬಿಚ್ಚಿ ಎಣ್ಣೆ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದೇ ಹೋದರೆ ಎಣ್ಣೆ ತುಂಬುವುದು ಎಲ್ಲಿಂದ? ಎಣ್ಣೆ ಇಳಿಸದೆ ಶಾಫ್ಟ್ ಎಳೆದರೆ ಅಷ್ಟೂ ಅಂಗಳಕ್ಕೆ.

ಗಾಲಿ ತೆಗೆ. ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟು, ಬ್ರೇಕ್ ಪೈಪಿನ ಮೇಲೆ ನೇತು ಬಿಡಬೇಡ. ಗಾಲಿ ಕೂರುವ ಹಬ್ಬಿನ ಲಾಕ್ ತೆಗೆದು, ಶಾಫ್ಟ್ ತುದಿಯ ಸರ್ಕ್ಲಿಪ್, ಅಂದರೆ ಲಾಕ್ ಬಳೆ ತೆಗೆ. ಹಬ್ಬಿನ ದೊಡ್ಡ ನಟ್ಟಿಗೆ ಅದರದೇ ಬಾಕ್ಸ್ ಪಾನಾ ಬೇಕು. ಉಳಿ ಇಟ್ಟು ಹೊಡೆಯುವವರಿದ್ದಾರೆ, ಒಂದೆರಡು ಸಲಕ್ಕೆ ನಟ್ಟಿನ ಮೂಲೆ ಎಲ್ಲ ಹಾಳು. ಹಬ್ ಮತ್ತು ಡಿಸ್ಕ್ ಒಟ್ಟಿಗೆ ಹೊರಗೆ ಬರುತ್ತವೆ. ಹೊರಗಿನ ಬೇರಿಂಗ್ ಜಾರಿ ಬೀಳುತ್ತದೆ, ಕೈ ಒಡ್ಡಿಕೊಂಡಿರು.

ಆಮೇಲೆ ಸ್ಪಿಂಡಲ್, ಅಂದರೆ ಹಬ್ ತಿರುಗುವ ಪೊಳ್ಳು ಗೂಟ. ನಾಲ್ಕು ಬೋಲ್ಟ್ ಬಿಚ್ಚಿ ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟು, ಅಂಟಿದ್ದು ಬಿಡುತ್ತದೆ. ಈಗ ಶಾಫ್ಟನ್ನು ಜಾಯಿಂಟ್ ಸಮೇತ ಸೀದಾ ಎಳೆದುಕೋ. ಒಳಗೆ ಬ್ಯಾಟರಿ ಬಿಟ್ಟು ನೋಡಿದರೆ ಕೊಳವೆಯ ಬಾಯಲ್ಲಿ ಸೀಲ್ ಕಾಣುತ್ತದೆ.

ಗುಂಡಿನೊಳಗಿನ ಗ್ರೀಸ್ ಈಗ ಗ್ರೀಸ್ ಆಗಿ ಉಳಿದಿರುವುದಿಲ್ಲ, ಗೇರ್ ಆಯಿಲ್ ಸೇರಿ ಅಂಬಲಿಯ ಹಾಗೆ ಆಗಿರುತ್ತದೆ. ಪೂರ್ತಿ ಬಳಿದು ತೆಗೆ. ಡೀಸೆಲ್ಲಿನಲ್ಲಿ ತೊಳೆದು ಅರಿವೆಯಿಂದ ಒರೆಸು. ಜಾಯಿಂಟನ್ನು ಬಗ್ಗಿಸಿ, ಅದರೊಳಗಿನ ಸಣ್ಣ ಗುಂಡುಗಳ ದಾರಿಯಲ್ಲಿ ತುಕ್ಕಿನ ಚುಕ್ಕೆ, ಬಿರುಕು ಇದೆಯಾ ನೋಡು. ಎಲ್ಲ ಒಣಗಿದ ಮೇಲೆ ಮಾಲಿಬ್ಡಿನಂ ಇರುವ ಲಿಥಿಯಂ ಗ್ರೀಸ್ ತುಂಬು. ಬೆರಳಿಂದ ಒತ್ತಿ ಒತ್ತಿ ಗುಂಡುಗಳ ಹಿಂದೆ ತಲುಪಿಸಬೇಕು, ಮೇಲೆ ಸವರಿದರೆ ಆಗಲಿಲ್ಲ.

ಹೊರಗಿನ ಬಳೆಯನ್ನೂ ಬದಲಿಸುವುದಾದರೆ ನಕಲ್, ಅಂದರೆ ಗುಂಡನ್ನು ಸುತ್ತಿಕೊಂಡು ಸ್ಟೇರಿಂಗ್ ಜೊತೆ ತಿರುಗುವ ಭಾಗ, ಪೂರ್ತಿ ಕಳಚಬೇಕು. ಕಿಂಗ್ ಪಿನ್ ಮೇಲಿನದು ಕೆಳಗಿನದು, ಅವುಗಳ ಶಿಮ್ಮು (ತೆಳು ತಗಡಿನ ಬಿಲ್ಲೆ), ಎಲ್ಲ ಬೇರೆ ಬೇರೆ ಡಬ್ಬಿಯಲ್ಲಿ ಇಡು. ಬೆರೆತರೆ ಬೇರಿಂಗಿನ ಬಿಗಿ ಕೆಡುತ್ತದೆ. ರಬ್ಬರು, ಫೆಲ್ಟ್, ಪಟ್ಟಿ ಯಾವುದರ ಮೇಲೆ ಯಾವುದಿತ್ತು ಅಂತ ಫೋಟೋ ತೆಗೆದುಕೋ.

ಕೆಲಗೇರಿ ಜಿಪ್ಸಿ, ಧಾರವಾಡ

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ ಕಾಕಾ. ಹೊಸ ಸೀಲ್ ಕೂರಿಸುವಾಗ ಯಾವ ಮುಖ ಯಾವ ಕಡೆ?

ಗೋಕುಲ ರೋಡ್ ಲೇತ್, ಹುಬ್ಬಳ್ಳಿ

ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆ, ಅಂದರೆ ಕ್ರೌನ್ ಕಡೆ. ಎಣ್ಣೆ ಒತ್ತಿದಷ್ಟೂ ತುಟಿ ಶಾಫ್ಟಿಗೆ ಇನ್ನಷ್ಟು ಅಪ್ಪಿಕೊಳ್ಳುತ್ತದೆ. ತಿರುಗಿಸಿ ಹಾಕಿದರೆ ಎಣ್ಣೆಯೇ ತುಟಿ ಎತ್ತಿ ಹೊರಬರುತ್ತದೆ.

ಹಳೇ ಸೀಲ್ ಮೀಟಿ ತೆಗೆಯುವಾಗ ಕೂರುವ ಜಾಗಕ್ಕೆ ಗೀರು ಬೀಳಿಸಬೇಡಿ. ಬಿದ್ದಿದ್ದರೆ ನಯ ಎಮರಿಯಿಂದ ಉಬ್ಬು ಮಾತ್ರ ತೆಗೆಯಿರಿ. ಕೂರಿಸುವಾಗ ಸೀಲಿನ ಹೊರ ಅಂಚಿನ ಮೇಲೆ ಸಮನಾಗಿ ಒತ್ತುವ ಕೊಳವೆ ಬೇಕು. ಹಳೇ ಬೇರಿಂಗಿನ ಹೊರ ರಿಂಗ್ ಅಳತೆಗೆ ಸರಿ ಬಂದರೆ ಅದೇ ಸಾಕು. ಒಂದೇ ಕಡೆ ಸುತ್ತಿಗೆ ಹೊಡೆದರೆ ಸೀಲ್ ಸೊಟ್ಟಗೆ ಕೂರುತ್ತದೆ, ತಗಡು ಬಾಗುತ್ತದೆ, ಸ್ಪ್ರಿಂಗ್ ಹಾರಿ ಕೆಳಗೆ ಬೀಳುತ್ತದೆ. ಸ್ಪ್ರಿಂಗ್ ಬಿದ್ದಿದ್ದು ಗೊತ್ತಾಗದೆ ಗಾಡಿ ಕಟ್ಟಿದವರನ್ನು ಬೇಕಾದಷ್ಟು ನೋಡಿದ್ದೇನೆ.

ತುಟಿಗೆ ಗ್ರೀಸ್ ಸವರಿ. ಒಣ ತುಟಿ ಮೊದಲ ಸುತ್ತಿನಲ್ಲೇ ಸುಟ್ಟು ಹೋಗುತ್ತದೆ. ಮತ್ತು ಎಲ್ಲಕ್ಕಿಂತ ಮುಖ್ಯ: ಶಾಫ್ಟ್ ಒಳಗೆ ಬಿಡುವಾಗ ಅದರ ಭಾರ ಸೀಲಿನ ಮೇಲೆ ಬೀಳಬಾರದು. ತುದಿಯ ಸ್ಪ್ಲೈನ್ ಹಲ್ಲುಗಳು ಹೊಸ ತುಟಿಯನ್ನು ಬ್ಲೇಡಿನಂತೆ ಸೀಳುತ್ತವೆ. ಎರಡೂ ಕೈಯಲ್ಲಿ ಎತ್ತಿ ಹಿಡಿದು ನಡುವಿನಿಂದ ನಿಧಾನವಾಗಿ ಬಿಡಿ. ಕೊನೆಗೆ ಸ್ವಲ್ಪ ತಿರುಗಿಸಿದರೆ ಒಳಗಿನ ಗೇರಿಗೆ ಹಲ್ಲು ಕೂರುತ್ತದೆ. ನೂಕಬೇಡಿ.

ಹಾನಗಲ್ ಫೋರ್‌ವೀಲ್, ಹಾವೇರಿ ಜಿಲ್ಲೆ

ನಾನು ಟ್ರ್ಯಾಕ್ಟರ್ ಮನುಷ್ಯ, ಆದರೂ ಓದುತ್ತಾ ಕೂತೆ. ಭತ್ತದ ಗದ್ದೆಯಲ್ಲಿ ಕೆಸರು ಕಲಸುವ ಫೋರ್‌ವೀಲ್ ಟ್ರ್ಯಾಕ್ಟರುಗಳಿಗೆ ಮುಂದಿನ ಹಬ್ ಸೀಲೇ ದೊಡ್ಡ ತಲೆನೋವು. ಆಕ್ಸಲ್ ಮುಳುಗುವಷ್ಟು ಕೆಸರು. ಹುಲ್ಲು, ಗೊಬ್ಬರ ಚೀಲದ ನೈಲಾನ್ ದಾರ ಹಬ್ಬಿಗೆ ಸುತ್ತಿಕೊಂಡು ಸೀಲಿನ ಬಾಯಿಗೆ ಹೊಕ್ಕುತ್ತವೆ. ದಾರ ಒಂದು ಸಲ ಹೊಕ್ಕರೆ ಗರಗಸದ ಹಾಗೇ.

ನಮ್ಮಲ್ಲಿ ಬರುವುದು ಜಾಸ್ತಿ ಕ್ಯಾಸೆಟ್ ಸೀಲ್. ತುಟಿಯೂ ಅದು ಓಡುವ ಮೈಯೂ ಒಂದೇ ಡಬ್ಬಿಯೊಳಗೆ ಇರುತ್ತವೆ. ಅದಕ್ಕೆ ಶಾಫ್ಟಿನ ಗೆರೆಯ ಚಿಂತೆ ಇಲ್ಲ, ಆದರೆ ಬೆಲೆ ಹೆಚ್ಚು. ಕೂರಿಸುವಾಗ ಸೊಟ್ಟಗಾದರೆ ಪೂರ್ತಿ ಎಸೆಯಬೇಕು.

ಗದ್ದೆಯಿಂದ ಬಂದ ದಿನವೇ ದಾರ, ಹುಲ್ಲು ಕೈಯಿಂದ ಬಿಡಿಸಬೇಕು. ನಾನು ಊರಿನ ಹುಡುಗರಿಗೆ ಪದೇಪದೇ ಹೇಳುವುದು ಇದೇ. ವಾಟರ್ ಸರ್ವೀಸಿನಲ್ಲಿ ಜೋರು ನೀರು ಸೀದಾ ಸೀಲಿಗೆ ಹಿಡಿಯಬಾರದು. ಮಣ್ಣು ತೊಳೆಯುವ ಬದಲು ಒಳಗೇ ತಳ್ಳುತ್ತದೆ. ಜಿಪ್ಸಿಗೂ ಈ ಮಾತು ಹೊಂದುತ್ತದೆ ಅಲ್ವಾ?

ನವಲಗುಂದ ಎರೆಹೊಲ

ನೂರಕ್ಕೆ ನೂರು ಹೊಂದುತ್ತದೆ. ಮಣ್ಣು ಹಸಿ ಇದ್ದಾಗಲೇ ಪೈಪಿನ ಸಾದಾ ನೀರು ಬಿಟ್ಟು ಇಳಿಸಬೇಕು.

ಕೆಲಗೇರಿ ಜಿಪ್ಸಿ, ಧಾರವಾಡ

ಎಡಗಡೆ ಕೆಲಸ ಮುಗಿಯಿತು. ಏನೇನು ಕಂಡಿತು ಹೇಳುತ್ತೇನೆ.

ಬ್ರೀದರ್ ಬಾಯಲ್ಲಿ ಕಣಜದ ಮಣ್ಣಿನ ಗೂಡು! ಗಟ್ಟಿಯಾಗಿ ಮೆತ್ತಿತ್ತು. ತಂತಿಯಿಂದ ಕೆರೆದು ತೆಗೆದು ಪೈಪಿನಲ್ಲಿ ಊದಿದೆ, ಈಗ ಗಾಳಿ ಸಲೀಸಾಗಿ ಹೋಗುತ್ತಿದೆ. ಎಣ್ಣೆ ಕಪ್ಪಗಿತ್ತು, ಬೆಳ್ಳಗಾಗಿರಲಿಲ್ಲ. ನೀರು ಹೋಗಿಲ್ಲ ಅನ್ನುವುದೇ ಸಮಾಧಾನ.

ಹಳೇ ಸೀಲಿನ ತುಟಿ ಮುಟ್ಟಿದರೆ ಪ್ಲಾಸ್ಟಿಕ್ಕಿನಂತೆ ಗಟ್ಟಿ, ಬಗ್ಗಿಸಿದರೆ ಸೀಳು ಬಿಡುತ್ತಿತ್ತು. ಶಾಫ್ಟ್ ಮೇಲೆ ಹೊಳೆಯುವ ಗೆರೆ ಇದೆ, ಉಗುರಿಗೆ ಅಷ್ಟಾಗಿ ಸಿಕ್ಕುವುದಿಲ್ಲ. ಲೇತ್ ಅಣ್ಣಾರು ಹೇಳಿದ ಹಾಗೆ ಸೀಲನ್ನು ಕೂದಲೆಳೆಯಷ್ಟು ಹೊರಗೆ ಕೂರಿಸಿದೆ. ವೀಲ್ ಬೇರಿಂಗ್ ಗಟ್ಟಿಯಾಗಿವೆ, ತೊಳೆದು ಗ್ರೀಸ್ ತುಂಬಿದೆ. ಕಿಂಗ್ ಪಿನ್ನಿನಲ್ಲಿ ಆಟ ಇರಲಿಲ್ಲ, ಹಾಗಾಗಿ ನಕಲ್ ಬಿಚ್ಚಲಿಲ್ಲ. ಪ್ಯಾಡ್ ಎರಡೂ ಕಡೆ ಹೊಸದು, ಡಿಸ್ಕ್ ಬ್ರೇಕ್ ಕ್ಲೀನರಿನಿಂದ ಒರೆಸಿದೆ.

ಜಿಎಲ್-5, 80ಡಬ್ಲ್ಯೂ-90 ಎಣ್ಣೆ ಹಾಕಿದೆ. ಸುಮಾರು 2 ಲೀಟರ್ ಹಿಡಿಯಿತು. ಮೇಲಿನ ತೂತಿನಿಂದ ಹೊರಗೆ ತುಳುಕಿದ ಮೇಲೆ ಪ್ಲಗ್ ಹಾಕಿದೆ.

ಹಳಿಯಾಳ ರಸ್ತೆಯಲ್ಲಿ ಓಡಿಸಿ ಬಂದೆ. ಬ್ರೇಕ್ ಸೀದಾ ಹಿಡಿಯುತ್ತಿದೆ. ಪರಸಿ ಒಣಗಿದೆ.

ಹಳೇ ಹುಬ್ಬಳ್ಳಿ ಮಿಸ್ತ್ರಿ

ಶಾಭಾಸ್ ತಮ್ಮಾ. ಮತ್ತೆ ಓಡಿಸಿ ಬಂದಾಗ ಎರಡೂ ಹಬ್ ಮುಟ್ಟಿ ನೋಡು. ಎಡಗಡೆಯದು ಬಲಕ್ಕಿಂತ ಜಾಸ್ತಿ ಕಾದಿದ್ದರೆ ಬೇರಿಂಗ್ ನಟ್ಟು ಬಿಗಿ ಹೆಚ್ಚಾಗಿದೆ. ಗಾಲಿಯ ನಟ್ಟುಗಳನ್ನೂ ಇನ್ನೊಂದು ಸಲ ಬಿಗಿ ಮಾಡು. ಕೆಲವು ದಿನ ಗುಂಡಿನ ಕೆಳಗೆ ಸ್ವಲ್ಪ ಒಸರಿದರೆ ಗಾಬರಿ ಬೇಡ, ಹೊರಗಿನ ಫೆಲ್ಟ್ ಕುಡಿದಿದ್ದ ಹಳೇ ಎಣ್ಣೆ ಅದು. ಒರೆಸುತ್ತಾ ಇರು, ಕಡಿಮೆಯಾಗುತ್ತಾ ಹೋಗಬೇಕು. ಹೆಚ್ಚಾದರೆ ಇಲ್ಲೇ ಬರೆ.

ಇಳಿಸಿದ ಎಣ್ಣೆ ಏನು ಮಾಡಿದೆ?

ಕೆಲಗೇರಿ ಜಿಪ್ಸಿ, ಧಾರವಾಡ

ಕ್ಯಾನಿನಲ್ಲಿ ತುಂಬಿ ಇಟ್ಟಿದ್ದೇನೆ ಕಾಕಾ.

ಹಳೇ ಹುಬ್ಬಳ್ಳಿ ಮಿಸ್ತ್ರಿ

ಒಳ್ಳೇದು. ಹಳೇ ಎಣ್ಣೆ ಡ್ರಮ್ಮಿನಲ್ಲಿ ಕೂಡಿಡುವ ಗ್ಯಾರೇಜಿಗೆ ಕೊಡು, ಅವರಿಂದ ಶುದ್ಧ ಮಾಡುವವರು ಒಯ್ಯುತ್ತಾರೆ. ಗಟಾರಕ್ಕೆ ಹಾಕಿದರೆ ಮಳೆಗೆ ಕೆರೆ ಸೇರುತ್ತದೆ. ಕೆಲಗೇರಿ ಕೆರೆ ಪಕ್ಕದಲ್ಲೇ ಇರುವವನಿಗೆ ನಾನು ಹೇಳಬೇಕಿಲ್ಲ.

ಬೆಟಗೇರಿ ಸ್ವಿಫ್ಟ್, ಗದಗ

ನನ್ನದು ಬೂಟೇ ಹರಿದಿತ್ತು ಕಾಕಾ, ಬೆರಳು ಹೋಗುವಷ್ಟು. ಜಾಯಿಂಟ್ ಇನ್ನೂ ಸದ್ದು ಮಾಡುತ್ತಿಲ್ಲ. ಬೂಟು, ಕ್ಲಿಪ್ಪು, ಗ್ರೀಸ್ ತಂದಿದ್ದೇನೆ. ಈ ಭಾನುವಾರ ಬಿಚ್ಚುತ್ತೇನೆ.

ಕೆಲಗೇರಿ ಜಿಪ್ಸಿ, ಧಾರವಾಡ

ಹಬ್ಬಿನ ದೊಡ್ಡ ನಟ್ಟಿನ ಬಾಕ್ಸ್ ಪಾನಾ ಈಗ ನನ್ನ ಹತ್ತಿರ ಇದೆ. ಬಲಗಡೆ ಸೀಲ್ ಒಣಗಿದೆ, ಆದರೂ ಅದೇ ವಯಸ್ಸಿನದು. ಮಳೆ ಹಿಡಿಯುವ ಮೊದಲು ಅದನ್ನೂ ಬದಲಿಸುತ್ತೇನೆ. ಆಮೇಲೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಯಾವ ಜಿಪ್ಸಿಯವರಿಗೆ ಬೇಕಾದರೂ ಒಯ್ಯಬಹುದು, ಬಾಡಿಗೆ ಏನೂ ಬೇಡ. ಇಲ್ಲೇ ಒಂದು ಸಾಲು ಬರೆಯಿರಿ.

ನವಲಗುಂದ ಎರೆಹೊಲ

ನಿಮ್ಮ ಬಲಗಡೆ ಆದ ಕೂಡಲೇ ನನಗೆ ಕೊಡಿ. ತಮ್ಮನ ಜಿಪ್ಸಿಯ ಬ್ರೀದರ್ ಇವತ್ತೇ ನೋಡಿದೆ, ಅದೂ ಮುಚ್ಚಿದೆ.